ಬುತ್ತಿಯಲ್ಲಿ ಏನಿದೆ, ಬಟ್ಟಲಲ್ಲಿ ಏನು ಉಳಿದಿದೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಳಿಗ್ಗೆ ಉಡುಪಿಯ ಯಾವ ಬಸ್ ಸ್ಟಾಪಿಗೆ ಹೋದರೂ ಶಾಲೆಗೆ ಹೊರಟ ಮಕ್ಕಳು ಸಿಗುತ್ತಾರೆ. 'ತಿಂಡಿ ಆಯ್ತಾ?' ಎಂದು ಕೇಳಿದರೆ ಹಲವರು ಹೇಳುವುದು ಒಂದೇ: 'ಚಾ ಕುಡ್ದೆ, ಬಿಸ್ಕೆಟ್ ತಿಂದೆ.' ನಾನು ಶಾಲೆಯಲ್ಲಿ ಪಾಠ ಮಾಡುವವಳು. ಹೀಗೆ ಬಂದ ಮಗುವಿಗೆ ಎರಡನೇ ಪಿರಿಯಡ್ ಮುಗಿಯುವ ಹೊತ್ತಿಗೆ ಏನಾಗುತ್ತದೆ ಎಂದು ದಿನಾ ನೋಡುತ್ತೇನೆ. ಆಕಳಿಕೆ ಶುರು. ಪ್ರಶ್ನೆ ಕೇಳಿದರೆ ಸುಮ್ನೆ ನನ್ನ ಮುಖ ನೋಡುತ್ತದೆ. ದಡ್ಡತನ ಅಲ್ಲ ಅದು, ಹಸಿವು.

ಚಹಾದ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ಅದರಲ್ಲಿರುವ ಟ್ಯಾನಿನ್, ಊಟದಲ್ಲಿನ ಕಬ್ಬಿಣದ ಅಂಶ ಮೈಗೆ ಹತ್ತದಂತೆ ತಡೆಯುತ್ತದೆ. ಊಟಕ್ಕೆ ಒಂದು ಗಂಟೆ ಮೊದಲು, ಊಟವಾಗಿ ಒಂದು ಗಂಟೆಯವರೆಗೆ ಚಹಾ ಕಾಫಿ ಬೇಡ ಎಂದು 2024ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಹೊರತಂದ ಆಹಾರ ಮಾರ್ಗಸೂಚಿಯೂ ಹೇಳಿದೆ. ಇದು ದೊಡ್ಡವರಿಗೆ ಹೇಳಿದ್ದು. ಮಕ್ಕಳಿಗೆ ಚಹಾ ಬೇಡವೇ ಬೇಡ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65ಕ್ಕೂ ಹೆಚ್ಚು ಮಕ್ಕಳಿಗೆ ರಕ್ತಹೀನತೆ ಇತ್ತು. ಆ ಮಕ್ಕಳೇ ಈಗ ನಮ್ಮ ತರಗತಿಗಳಲ್ಲಿ ಕೂತಿದ್ದಾರೆ.

ಹಾಗಾದರೆ ಬೆಳಿಗ್ಗೆ ಏನು ಕೊಡುವುದು? ನಮ್ಮ ಕರಾವಳಿಯ ಅಡುಗೆಮನೆಯಲ್ಲೇ ಇದಕ್ಕೆ ಉತ್ತರ ಇದೆ. ಕುಚ್ಚಲಕ್ಕಿ ಗಂಜಿ. ಈ ಅಕ್ಕಿ ಮಾಡುವಾಗ ಭತ್ತವನ್ನು ಸಿಪ್ಪೆ ಸಮೇತ ಬೇಯಿಸುತ್ತಾರೆ. ಆಗ ತೌಡಿನಲ್ಲಿರುವ ಬಿ ವಿಟಮಿನ್‌ಗಳು ಒಂದಷ್ಟು ಕಾಳಿನೊಳಗೆ ಇಳಿಯುತ್ತವೆ. ತೆಳಿ ಬಸಿದು ಚೆಲ್ಲಿದರೆ ಅದರ ಒಂದು ಪಾಲು ಹೋಯಿತು, ಅದಕ್ಕೇ ತೆಳಿ ಸಮೇತ ಉಣ್ಣಬೇಕು. ಬರೀ ಗಂಜಿ, ಉಪ್ಪಿನಕಾಯಿ ಸಾಲದು. ಪಕ್ಕದಲ್ಲಿ ಹೆಸರುಕಾಳಿನ ಪಲ್ಯ ಇರಲಿ, ಇಲ್ಲವೇ ಹುರುಳಿ ಚಟ್ನಿ. ಎರಡರಲ್ಲೂ 100 ಗ್ರಾಂ ಕಾಳಿಗೆ 20 ಗ್ರಾಂಗಿಂತ ಜಾಸ್ತಿ ಪ್ರೋಟೀನ್ ಇದೆ. ಮೀನು ತಿನ್ನುವ ಮನೆಯಾದರೆ ನಿನ್ನೆಯ ಬೂತಾಯಿ ಸಾರು ಇದ್ದೇ ಇರುತ್ತದೆ. ಸೊಪ್ಪು, ಕಾಳಿನ ಜೊತೆ ಒಂದಿಷ್ಟು ನಿಂಬೆರಸ ಅಥವಾ ನೆಲ್ಲಿಕಾಯಿ ಸೇರಿದರೆ ಕಬ್ಬಿಣದ ಅಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಗಂಜಿ ಬಡವರ ಊಟ, ಬುತ್ತಿಗೆ ಹಾಕಿದರೆ ಮಗುವಿಗೆ ನಾಚಿಕೆ ಎನ್ನುವ ತಾಯಂದಿರನ್ನು ಕಂಡಿದ್ದೇನೆ. ನನಗೆ ಇದು ನಿಜವಾಗಿಯೂ ಬೇಸರದ ವಿಷಯ. ಬುತ್ತಿಗೆ ಗಂಜಿ ಕಷ್ಟ ಅಂದರೆ ನೀರುದೋಸೆ ಆಗಬಹುದು, ಅಲ್ವಾ? ಆದರೆ ಜೊತೆಗೆ ಬೆಲ್ಲ ತೆಂಗಿನಕಾಯಿ ಮಾತ್ರ ಅಲ್ಲ, ಕಾಳಿನ ಗಸಿಯೂ ಇರಲಿ.

ಈಗ ಮಧ್ಯಾಹ್ನಕ್ಕೆ ಬರೋಣ. ಶಾಲೆಯ ಬಿಸಿಯೂಟದಲ್ಲಿ ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಎಂದು ಲೆಕ್ಕ. ಆರರಿಂದ ಎಂಟರವರೆಗೆ 150, 30, 75. ಲೆಕ್ಕ ಸರಿಯಾಗಿಯೇ ಇದೆ. ಆದರೆ ಮಕ್ಕಳ ಸಾಲಿನಲ್ಲಿ ಒಮ್ಮೆ ನಡೆದು ನೋಡಿ. ಸಾಂಬಾರಿನ ಸೌತೆ ಹೋಳು, ಅಲಸಂಡೆ ತುಂಡು ಎಲ್ಲ ಬಟ್ಟಲಿನ ಅಂಚಿನಲ್ಲಿ ಸಾಲಾಗಿ ಕೂತಿರುತ್ತವೆ. ಮೂರನೇ ತರಗತಿಯ ಒಬ್ಬ ಹುಡುಗಿ ಬಸಳೆ ದಂಟನ್ನು ಒಂದೊಂದಾಗಿ ಬೆರಳ ತುದಿಯಲ್ಲಿ ಎತ್ತಿ ಇಡುತ್ತಿದ್ದಳು, ಎಷ್ಟು ಶ್ರದ್ಧೆಯಿಂದ! ಆ 50 ಗ್ರಾಂ ಹೊಟ್ಟೆಗೆ ಹೋಗದೆ ತೊಟ್ಟಿಗೆ ಹೋಯಿತು.

ತರಕಾರಿಯನ್ನು ಅರೆದು, ಗೊತ್ತಾಗದ ಹಾಗೆ ಬೆರೆಸಿ ಕೊಡಿ ಎಂದು ಕೆಲವರು ಹೇಳುತ್ತಾರೆ. ನನಗೆ ಅದು ಅಷ್ಟು ಒಪ್ಪಿಗೆಯಿಲ್ಲ. ತಾನು ತಿನ್ನುತ್ತಿರುವುದು ಬಸಳೆ ಎಂದು ಮಗುವಿಗೆ ಗೊತ್ತಿರಬೇಕು. ಹೊಸ ರುಚಿ ಮಕ್ಕಳ ನಾಲಗೆಗೆ ಹೊಂದಲು ಎಂಟು ಹತ್ತು ಸಲ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಸಲ ಬೇಕಾಗುತ್ತದೆ. ನಾವು ಎರಡೇ ಸಲಕ್ಕೆ 'ಇವಳಿಗೆ ಸೊಪ್ಪು ಆಗೋದೇ ಇಲ್ಲ' ಎಂದು ತೀರ್ಪು ಕೊಟ್ಟುಬಿಡುತ್ತೇವೆ, ಅದೂ ಮಗುವಿನ ಎದುರೇ. ಒಂದು ತುಂಡು ಬಡಿಸಿ. ಗದರಿಸಬೇಡಿ, ಚಾಕೊಲೇಟಿನ ಆಸೆಯೂ ತೋರಿಸಬೇಡಿ. ಪಕ್ಕದಲ್ಲಿ ಕೂತು ನೀವೂ ಅದನ್ನೇ ತಿನ್ನಿ. ಶಿಕ್ಷಕರು ಮಕ್ಕಳ ಸಾಲಿನಲ್ಲೇ ಕೂತು ಉಂಡ ದಿನ ಅಂಚಿನ ಹೋಳುಗಳು ಕಡಿಮೆಯಾಗುವುದನ್ನು ನಾನೇ ಕಂಡಿದ್ದೇನೆ. ಮನೆಯಲ್ಲಿ ಅಪ್ಪ ಹಾಗಲಕಾಯಿ ಬದಿಗೆ ಸರಿಸಿದರೆ, ಮಗನಿಗೆ ಹೇಳಿ ಏನು ಪ್ರಯೋಜನ?

ಗೇಟಿನ ಹೊರಗಿನ ಅಂಗಡಿಯ ಬಗ್ಗೆಯೂ ಹೇಳಬೇಕು. 300 ಎಂಎಲ್ ಕೋಲಾ ಬಾಟಲಿಯಲ್ಲಿ ಸುಮಾರು 30 ಗ್ರಾಂ ಸಕ್ಕರೆ, ಅಂದರೆ ಏಳು ಚಮಚಕ್ಕಿಂತ ಜಾಸ್ತಿ. ದಿನವಿಡೀ ಸೇರಿ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೇ ಹೇಳುತ್ತದೆ. ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿನಿಸನ್ನು ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದು ಎಂಬ ನಿಯಮ 2020ರಲ್ಲೇ ಬಂದಿದೆ. ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿಯವರು ಅಂಗಡಿಯವರ ಜೊತೆ ಕೂತು ಮಾತಾಡಬಹುದು, ಜಗಳ ಬೇಕಿಲ್ಲ. ಕದಳಿ ಬಾಳೆಹಣ್ಣು, ಕಡ್ಲೆ ಚಿಕ್ಕಿ, ಮಜ್ಜಿಗೆ ಇಟ್ಟರೂ ವ್ಯಾಪಾರ ಆಗುತ್ತದೆ. ಹುಟ್ಟುಹಬ್ಬಕ್ಕೆ ತರಗತಿಯಲ್ಲಿ ಹಂಚುವುದಕ್ಕೂ ಇವೇ ಸಾಕು.

ತಂದೆ ತಾಯಂದಿರಲ್ಲಿ ಒಂದು ಕೇಳಿಕೆ. ಸಂಜೆ ಮಗು ಬಂದಾಗ ಬುತ್ತಿ ಬಿಚ್ಚಿ ನೋಡಿ. ಉಳಿದಿದ್ದರೆ ಬೈಯಬೇಡಿ, ಯಾಕೆ ಉಳಿಯಿತು ಎಂದು ಕೇಳಿ. 'ಪಲ್ಯದ ನೀರು ಸೋರಿ ದೋಸೆ ಮುದ್ದೆಯಾಗಿತ್ತು', 'ಬೆಲ್ ಬೇಗ ಆಯ್ತು' ಎಂಬ ಉತ್ತರ ಬರಬಹುದು. ಮೊದಲನೆಯದಕ್ಕೆ ಒಂದು ಚಿಕ್ಕ ಬೇರೆ ಡಬ್ಬಿ ಸಾಕು. ಎರಡನೆಯದನ್ನು ನಮಗೆ, ಶಿಕ್ಷಕರಿಗೆ, ಬಂದು ಹೇಳಿ. ಊಟದ ಬಿಡುವು ಸಾಲದಿದ್ದರೆ ಅದನ್ನು ಸರಿಮಾಡಬೇಕಾದವರು ನಾವು.

ನಮಸ್ಕಾರ.