ಕರೆಂಟು ಮನೆಗೆ ಬಂತು, ಕಾಸು ಯಾರ ಕೈಗೆ?

ನಮಸ್ಕಾರ. ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಕಂಬವಿದೆ, ತಂತಿಯಿದೆ. ಮನೆಗೆ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ಕರೆಂಟು ಕೊಡುವ ಗೃಹಜ್ಯೋತಿ ಯೋಜನೆ ಬಂದ ಮೇಲೆ ಅನೇಕ ಮನೆಗಳಿಗೆ ಬಿಲ್ಲೂ ಸೊನ್ನೆ. ಆದರೆ ಆ ಕರೆಂಟಿನಿಂದ ಹುಟ್ಟಿದ ಹಣ ಯಾರ ಕೈ ಸೇರುತ್ತಿದೆ?

ಹೊಲದಿಂದಲೇ ನೋಡಿ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ನಮ್ಮಲ್ಲಿ ಕರೆಂಟು ಉಚಿತ. ರೈತನಿಗೆ ಅದು ಸಿಗಲೇಬೇಕು. ಆದರೆ ಪಹಣಿ ಸಾಮಾನ್ಯವಾಗಿ ಗಂಡಸಿನ ಹೆಸರಿನಲ್ಲಿ, ಕರೆಂಟು ಸಂಪರ್ಕದ ಆರ್‌ಆರ್ ನಂಬರೂ ಅವನದೇ. 2015-16ರ ಕೃಷಿ ಗಣತಿಯಂತೆ ದೇಶದ ಹಿಡುವಳಿಗಳಲ್ಲಿ ಮಹಿಳೆಯರವು ಸುಮಾರು ಶೇ 14 ಮಾತ್ರ. ಬೋರ್‌ವೆಲ್ ನೀರೆತ್ತಿದರೆ ಮುಂಗಾರಿನ ಆಲೂಗೆಡ್ಡೆಯ ಹಿಂದೆಯೇ ಇನ್ನೊಂದು ಬೆಳೆ. ಇನ್ನೊಂದು ಬೆಳೆ ಎಂದರೆ ಇನ್ನೊಂದು ಸುತ್ತು ಕಳೆ. ಸೊಂಟ ಬಗ್ಗಿಸಿ ಕಳೆ ಕೀಳುವವರು ಹೆಂಗಸರು. ಮಂಡಿಯಲ್ಲಿ ಹಣ ಎಣಿಸಿಕೊಳ್ಳುವವರು ಗಂಡಸರು.

ಕರೆಂಟಿನಿಂದ ಹೆಂಗಸರಿಗೆ ಪ್ರಯೋಜನವೇ ಇಲ್ಲ ಎಂದು ಯಾರೂ ಹೇಳಲಾಗದು. ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ಪ್ರಾಂತ್ಯದ ಹಳ್ಳಿಗಳನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞೆ ಟ್ಯಾರಿನ್ ಡಿಂಕಲ್‌ಮನ್ 2011ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ವಿದ್ಯುತ್ ಬಂದ ಮೇಲೆ ದುಡಿಮೆಯಲ್ಲಿರುವ ಮಹಿಳೆಯರ ಪ್ರಮಾಣ 9ರಿಂದ 9.5 ಶೇಕಡಾವಾರು ಅಂಶಗಳಷ್ಟು ಏರಿತು. ಅಲ್ಲಿ ಕರೆಂಟು ಒಲೆಯವರೆಗೂ ಹೋಯಿತು. ಸೌದೆಗೆ ವ್ಯಯವಾಗುತ್ತಿದ್ದ ಹೊತ್ತು ಉಳಿಯಿತು.

ನಮ್ಮಲ್ಲಿ ಆ ಹೊತ್ತೇ ಇಲ್ಲ. ಕೇಂದ್ರದ 2019ರ ಸಮಯ ಬಳಕೆ ಸಮೀಕ್ಷೆಯಂತೆ ಮನೆಗೆಲಸ ಮಾಡುವ ಹೆಂಗಸು ದಿನಕ್ಕೆ ಅದಕ್ಕೆ ಕೊಡುವುದು 299 ನಿಮಿಷ. ಮನೆಗೆಲಸ ಮಾಡುವ ಗಂಡಸು 97. ಅರಸೀಕೆರೆ ಕಡೆಯ ಮನೆಯೊಂದರಲ್ಲಿ ಹೊಲಿಗೆ ಯಂತ್ರಕ್ಕೆ ಪುಟ್ಟ ಮೋಟಾರ್ ಕೂರಿಸಿಕೊಂಡಿರುವ ಹೆಂಗಸನ್ನು ನೋಡಿದ್ದೇನೆ. ಪಾತ್ರೆ ತೊಳೆದು, ಮಕ್ಕಳನ್ನು ಮಲಗಿಸಿದ ಮೇಲೆಯೇ ಆಕೆ ರವಿಕೆಯ ಬಟ್ಟೆ ಕೈಗೆತ್ತಿಕೊಳ್ಳುವುದು. ಮೋಟಾರ್ ಎಷ್ಟು ವೇಗವಾಗಿದ್ದರೇನು, ಕೂರಲು ಪುರುಸೊತ್ತು ಬೇಡವೇ?

ಗೃಹಜ್ಯೋತಿಯ ಲೆಕ್ಕವನ್ನೂ ಗಮನಿಸಿ. 200 ಯೂನಿಟ್ ಎಲ್ಲರಿಗೂ ಇಲ್ಲ. 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ ಮಿತಿ ಕಟ್ಟಿದರು. ಕಡಿಮೆ ಬಳಸುವವರಿಗೆ ಆಮೇಲೆ ಆ ಶೇ 10ರ ಬದಲು 10 ಯೂನಿಟ್ ಸೇರಿಸಿದರು. ಅಂದರೆ ಅಂದು ಒಂದೆರಡು ಬಲ್ಬು ಉರಿಸಿದ ಮನೆಯವಳು ಇಂದು ಕಸುಬು ಹಿಡಿದರೆ ಹೆಚ್ಚಿದ ಯೂನಿಟ್ಟಿಗೆ ಕೈಯಿಂದ ಕಟ್ಟಬೇಕು. ಸ್ತ್ರೀಶಕ್ತಿ ಸಂಘದವರು ಹಿಟ್ಟಿನ ಗಿರಣಿ ಹಾಕಿದರಂತೂ ಕೈಗಾರಿಕಾ ದರ. ಗಂಡನ ಪಂಪಿಗೆ ಬಿಲ್ಲಿಲ್ಲ, ಹೆಂಡತಿಯ ಗಿರಣಿಗೆ ಬಿಲ್ಲು. ಇದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಹಣ ಎಲ್ಲಿದೆ ಎಂದು ಕೇಳಬೇಡಿ. ಪಂಪ್‌ಸೆಟ್ ಸಹಾಯಧನಕ್ಕೆ ಸರ್ಕಾರ ವರ್ಷವೂ ಸಾವಿರಾರು ಕೋಟಿ ಹೊಂದಿಸುತ್ತದೆ. ಅದನ್ನು ಮುಟ್ಟುವುದೇ ಬೇಡ. ಮಹಿಳೆಯರ ಸಂಘಗಳ ಗಿರಣಿಗೆ, ಹಪ್ಪಳದ ಯಂತ್ರಕ್ಕೆ, ಹೊಲಿಗೆಗೆ ತಿಂಗಳಿಗೆ ಇಷ್ಟು ಯೂನಿಟ್ ಉಚಿತವೆಂದು ಮುಂದಿನ ಬಜೆಟ್‌ನಲ್ಲಿ ಬರೆಯಲಿ. ಸಂಪರ್ಕ ಆಕೆಯ ಹೆಸರಿನಲ್ಲೇ ಇರಲಿ. ನಿಮ್ಮ ಶಾಸಕರು ಊರಿಗೆ ಬಂದಾಗ ಇದನ್ನೇ ಕೇಳಿ.