ಗುಡ್ ಇನ್ ಅಲ್ಲ, ಗುಡ್ ಅಟ್

ಕೇಳುಗರೆ, ನಮಸ್ಕಾರ.

ಪಕ್ಕದ ಮನೆಯ ಹುಡುಗಿ ಮೊನ್ನೆ ಕೆಲಸದ ಅರ್ಜಿ ಬರೆದು ತಂದಿದ್ದಳು. 'ಮೇಡಂ, ಸ್ವಲ್ಪ ನೋಡಿಕೊಡ್ತೀರಾ?' ಅಂದಳು. ಮೊದಲ ಸಾಲೇ 'ಐ ಆ್ಯಮ್ ಗುಡ್ ಇನ್ ಅಕೌಂಟ್ಸ್.' ಸ್ಪೆಲಿಂಗ್ ಸರಿ. ಅರ್ಥವೂ ಆಗುತ್ತದೆ. ಆದರೆ ಇಂಗ್ಲಿಷಿನ ರೂಢಿ 'ಗುಡ್ ಅಟ್'.

ಆ 'ಇನ್' ಎಲ್ಲಿಂದ ಬಂತು? ನಮ್ಮ ಕನ್ನಡದಿಂದಲೇ. 'ಲೆಕ್ಕದಲ್ಲಿ ಜಾಣೆ' ಅನ್ನುತ್ತೇವಲ್ಲ, ಆ 'ಅಲ್ಲಿ' ಹೋಗಿ 'ಇನ್' ಆಯಿತು. 'ಅವನ ಮೇಲೆ ಕೋಪ' ಅನ್ನುವುದು 'ಆ್ಯಂಗ್ರಿ ಆನ್ ಹಿಮ್' ಆಗುವುದೂ ಹೀಗೇ. ಬರೆಯಬೇಕಾದ್ದು 'ಆ್ಯಂಗ್ರಿ ವಿತ್ ಹಿಮ್'. 'ಡಾಕ್ಟರ್ ಜೊತೆ ಮದುವೆ' ಅಂದುಕೊಂಡು 'ಮ್ಯಾರೀಡ್ ವಿತ್' ಬರೆಯುತ್ತೇವೆ. ಅಲ್ಲಿ 'ಮ್ಯಾರೀಡ್ ಟು' ಬರಬೇಕು. ಇದಕ್ಕೆ ನಾಚಿಕೊಳ್ಳಬೇಕಾಗಿಲ್ಲ. ಹೊಸದಾಗಿ ಕನ್ನಡ ಕಲಿತವರು 'ನನಗೆ ಅವನ ಜೊತೆ ಕೋಪ ಬಂತು' ಅಂದರೆ ನಮ್ಮ ಕಿವಿಗೂ ಹೇಗೋ ಆಗುತ್ತೆ, ಅಲ್ವಾ?

'ಸೀನಿಯರ್ ದ್ಯಾನ್ ಮಿ' ಅಂತಲೂ ಬಹಳ ಜನ ಬರೆಯುತ್ತಾರೆ. 'ನನಗಿಂತ' ಅನ್ನುವುದು ಮನಸ್ಸಿನಲ್ಲಿರುತ್ತದೆ. ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್ ಇವೆಲ್ಲ ಲ್ಯಾಟಿನ್‌ನಿಂದ ಬಂದ ಪದಗಳು. ಲ್ಯಾಟಿನ್‌ನಲ್ಲಿ ಸೀನಿಯರ್ ಅಂದರೇನೇ 'ಹೆಚ್ಚು ವಯಸ್ಸಾದ' ಅಂತ. ಹೋಲಿಕೆ ಪದದೊಳಗೇ ಕೂತಿದೆ. ಇವುಗಳ ಮುಂದೆ 'ಟು' ಬರುತ್ತದೆ, 'ಸೀನಿಯರ್ ಟು ಮಿ'.

ನನಗೆ ಜಾಸ್ತಿ ಚಿಂತೆ ಆಗುವುದು ಅರ್ಥವೇ ಬದಲಾಗುವ ಕಡೆ. ರಜಾ ಅರ್ಜಿಯಲ್ಲಿ 'ಟಯರ್ಡ್ ಫ್ರಮ್ ವರ್ಕ್' ಅಂದರೆ ಕೆಲಸ ಮಾಡಿ ದಣಿದಿದ್ದೇನೆ ಅಂತ. 'ಟಯರ್ಡ್ ಆಫ್ ವರ್ಕ್' ಅಂದರೆ ಈ ಕೆಲಸವೇ ಸಾಕಾಗಿದೆ ಅಂತ! ಸಾಹೇಬರು ಏನು ತಿಳಿದಾರು? ಗುಡ್ ಕೂಡ ಹೀಗೇ. 'ಗುಡ್ ಫಾರ್ ಮಿ' ಅಂದರೆ ನನ್ನ ಮೈಗೆ, ನನ್ನ ಬದುಕಿಗೆ ಒಳ್ಳೆಯದು. 'ಗುಡ್ ಟು ಮಿ' ಅಂದರೆ ನನ್ನನ್ನು ಚೆನ್ನಾಗಿ ನೋಡಿಕೊಂಡರು.

'ಡಿಫರೆಂಟ್' ಮುಂದೆ ಬ್ರಿಟನ್ನಿನಲ್ಲಿ 'ಟು', ಅಮೆರಿಕದಲ್ಲಿ 'ದ್ಯಾನ್' ಕೂಡ ಕೇಳಿಬರುತ್ತದೆ. 'ಫ್ರಮ್' ಬರೆಯಿರಿ, ಎರಡೂ ಕಡೆ ಒಪ್ಪುತ್ತದೆ.

ಸುಮ್ನೆ 'ಅಫ್ರೇಡ್' ಅಂತ ಕಲಿಯಬೇಡಿ. 'ಅಫ್ರೇಡ್ ಆಫ್', 'ಪ್ರೌಡ್ ಆಫ್', 'ಫೇಮಸ್ ಫಾರ್' ಅಂತ ಇಡಿಯಾಗಿ ನೋಟ್‌ಬುಕ್ಕಿಗೆ ಇಳಿಸಿ.

ಆ ಹುಡುಗಿಯ ಅರ್ಜಿಯ ಕೊನೆಯಲ್ಲಿ 'ಇಂಟರೆಸ್ಟೆಡ್ ಟು ವರ್ಕ್' ಅಂತಿತ್ತು. 'ಇನ್' ಹಾಕು, ಅದರ ಮುಂದೆ 'ವರ್ಕಿಂಗ್' ಬರಲಿ ಅಂದೆ. ಅಲ್ಲೇ ಕೂತು ತಿದ್ದಿದಳು. 'ಇಂಟರೆಸ್ಟೆಡ್ ಇನ್ ವರ್ಕಿಂಗ್' ಅಂತ ಎರಡು ಸಲ ಗಟ್ಟಿಯಾಗಿ ಓದಿಕೊಂಡು ಮನೆಗೆ ಓಡಿದಳು.

ನಮಸ್ಕಾರ.