ತಿಂಗಳ ನಡುವಿನ ಹೊಟ್ಟೆನೋವು

ಕೇಳುಗರಿಗೆ ನಮಸ್ಕಾರ. ಇವತ್ತಿನ ಮಾತು ಮುಟ್ಟಿನ ನೋವಿನದ್ದಲ್ಲ. ಮುಟ್ಟಿಗೆ ಇನ್ನೂ 14 ದಿನ ಇರುವಾಗ ಕಿಬ್ಬೊಟ್ಟೆಯ ಒಂದೇ ಬದಿಯಲ್ಲಿ ಚಳಕು ಹೊಡೆಯುತ್ತದಲ್ಲ, ಆ ನೋವಿನದ್ದು.

ಅಂಡಾಶಯದಿಂದ ಅಂಡಾಣು ಹೊರಬೀಳುವಾಗ ಅಲ್ಲೊಂದು ಸಣ್ಣ ಗಾಯವಾಗುತ್ತದೆ. ಹೆಚ್ಚಿನವರಿಗೆ ನಾಲ್ಕು ಹನಿ ರಕ್ತ ಬಂದು ನಿಲ್ಲುತ್ತದೆ. ಹುಟ್ಟಿನಿಂದಲೇ ರಕ್ತ ಬೇಗ ಹೆಪ್ಪುಗಟ್ಟದ ಹೆಣ್ಣುಮಕ್ಕಳಿಗೆ ಕೆಲವೊಮ್ಮೆ ಅದು ನಿಲ್ಲುವುದಿಲ್ಲ, ಹೊಟ್ಟೆಯೊಳಗೇ ಸೋರುತ್ತದೆ. ಅವರಿಗೆ ಕೈಗೆ ಸಿಕ್ಕಿದ ನೋವಿನ ಮಾತ್ರೆ ಕೊಡಬೇಡಿ. ನಾನು ಹೇಳಬೇಕಾದ್ದು ಇದೊಂದೇ.

ಪೆರ್ಲದ ಕಡೆಯಿಂದ ಒಬ್ಬಳು ಕಾಲೇಜು ಹುಡುಗಿ ಬಂದಿದ್ದಳು. ಜಗಲಿಯಲ್ಲಿ ಅಡಿಕೆ ಸುಲಿಯಲು ಕೂತವಳಿಗೆ ಏಳಲು ಆಗಲಿಲ್ಲ. ಗ್ಯಾಸ್ ಇರಬೇಕು ಅಂತ ಅಮ್ಮ ಜೀರಿಗೆ ಕಷಾಯ ಕೊಟ್ಟರು. ಕಡಿಮೆಯಾಗಲಿಲ್ಲ. ಮುಟ್ಟಿನ ನೋವಿಗೆಂದು ಡಬ್ಬಿಯಲ್ಲಿಟ್ಟಿದ್ದ ಮಾತ್ರೆ ಕೊಟ್ಟರು. ಸಂಜೆಗೆ ಮುಖ ಬಿಳಚಿ, ಎದ್ದು ನಿಂತರೆ ಕಣ್ಣು ಕತ್ತಲೆ. ಸ್ಕ್ಯಾನ್ ಮಾಡಿದರೆ ಹೊಟ್ಟೆ ತುಂಬ ರಕ್ತ.

"ಹಲ್ಲು ಕೀಳಿಸಿದಾಗ ಏನಾಗಿತ್ತು?" ಎಂದು ಕೇಳಿದೆ. "ರಾತ್ರಿಯಿಡೀ ತಲೆದಿಂಬು ಒದ್ದೆ ಡಾಕ್ಟ್ರೇ. ನನಗೂ ಹಾಗೆಯೇ, ನನ್ನ ಅಮ್ಮನಿಗೂ ಹಾಗೆಯೇ. ನಮ್ಮ ಮನೆಯವರ ಮೈ ಹಾಗೆ" ಎಂದರು ಆ ತಾಯಿ. ಮೂರು ತಲೆಮಾರು! ಯಾರೂ ಒಂದು ರಕ್ತಪರೀಕ್ಷೆ ಮಾಡಿಸಿರಲಿಲ್ಲ. ನೋಡಿದರೆ ವಾನ್ ವಿಲ್ಲೆಬ್ರಾಂಡ್ ಕಾಯಿಲೆ, ಅಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಅಂಶದ ಕೊರತೆ, ಮನೆತನದಲ್ಲಿ ಬರುವಂಥದ್ದು. 1926ರಲ್ಲಿ ಫಿನ್ಲೆಂಡಿನ ಡಾಕ್ಟರ್ ವಾನ್ ವಿಲ್ಲೆಬ್ರಾಂಡ್ ಇದರ ಬಗ್ಗೆ ಮೊದಲು ಬರೆದರು. ಅವರು ನೋಡಿದ ಹುಡುಗಿ 13ನೇ ವಯಸ್ಸಿಗೆ, ತನ್ನ ನಾಲ್ಕನೇ ಮುಟ್ಟಿನಲ್ಲಿ ರಕ್ತ ಹೋಗಿ ತೀರಿಕೊಂಡಳು. ರಕ್ತ ನಿಲ್ಲದ ಕಾಯಿಲೆ ಗಂಡಸರಿಗೆ ಮಾತ್ರ ಅಂತ ಈಗಲೂ ಹೇಳುತ್ತಾರೆ. ದಯವಿಟ್ಟು ಹಾಗೆ ಹೇಳಬೇಡಿ.

ಮೆಫೆನಾಮಿಕ್ ಆಸಿಡ್, ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್. ಈ ನೋವಿನ ಮಾತ್ರೆಗಳು ರಕ್ತವನ್ನು ಇನ್ನೂ ಸೋರಿಸುತ್ತವೆ. ಇವು ಬೇಡ, ಬೇಡವೇ ಬೇಡ. ನೋವಿಗೆ ಪ್ಯಾರಾಸಿಟಮಾಲ್ ಕೊಡಿ. ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಸಿಡ್ ಬೇಕೋ ಎಂದು ಡಾಕ್ಟರು ಹೇಳಲಿ.

ಪ್ರತಿ ತಿಂಗಳೂ ಹೀಗಾದರೆ ಗರ್ಭನಿರೋಧಕ ಮಾತ್ರೆ ಕೊಡುತ್ತೇವೆ. ಅಂಡಾಣು ಹೊರಬೀಳದಿದ್ದರೆ ಗಾಯವೇ ಇಲ್ಲ, ಅಲ್ವಾ? "ಮದುವೆಯಾಗದ ಹುಡುಗಿಗೆ ಆ ಮಾತ್ರೆಯಾ?" ಎಂದು ತಾಯಂದಿರು ಬೇಸರ ಮಾಡುತ್ತಾರೆ. ಅಮ್ಮಾ, ಅದು ಅವಳ ರಕ್ತ ಉಳಿಸುವ ಔಷಧಿ.

ಸಮಯ ಆಗುತ್ತಾ ಬಂತು. ಹೊಟ್ಟೆ ಉಬ್ಬಿದರೆ, ತಲೆ ತಿರುಗಿದರೆ, ಭುಜದ ತುದಿ ನೋಯತೊಡಗಿದರೆ ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ ಜೀಪು ಕರೆಸಿ. ಆಸ್ಪತ್ರೆಯ ಬಾಗಿಲಲ್ಲೇ ಹೇಳಿ: "ಇವಳಿಗೆ ರಕ್ತ ಬೇಗ ನಿಲ್ಲುವುದಿಲ್ಲ." ನಮಸ್ಕಾರ.